ತುಂಬಿದ ಸಂಸಾರಕ್ಕೆ ಎಂಥ ಮನೆ?

(ಮುಂಬಯಿಯಲ್ಲಿ, ನಮ್ಮ ವಾಚನಾಲಯದ ತಿಂಗಳ ಕೂಟದಲ್ಲಿ ಆಡಿದ ಮಾತು)



ಕಾರ್ಯದರ್ಶಿಗಳು ಮಾತಾಡಲು ಕರೆದಾಗ, ನಾವು ಇಂಜಿನಿಯರರಲ್ಲ, ಮನೆಯ ದಲ್ಲಾಳಿಗಳೂ ಅಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆವು. ‘ಹತ್ತು ಜನರನ್ನು ಕಟ್ಟಿಕೊಂಡು ಮೂರು ಮನೆ ಕಂಡಿದ್ದೀರಲ್ಲ, ಅದನ್ನೇ ಹೇಳಿ’ ಎಂದರು. ಆದುದರಿಂದ ಇದು ಶಾಸ್ತ್ರವಲ್ಲ, ಪೆಟ್ಟು ತಿಂದವರ ಲೆಕ್ಕ. ನಾವು ಎಂದರೆ ಅಣ್ಣತಮ್ಮಂದಿರು ಮೂವರು. ನಿಮ್ಮೆದುರು ನಿಂತಿರುವವನು ನಡುವಿನವನು.

ನಮ್ಮ ಮೊದಲ ಮನೆ ಚಾಳಿನ ಒಂದು ಖೋಲಿ. ಹತ್ತಡಿ ಅಗಲ, ಹದಿನಾರಡಿ ಉದ್ದ, ಅಂದರೆ 160 ಚದರಡಿ. ಈ ಅಳತೆ ಮುಂಬಯಿಗೆ ಹಳೆಯದು. 1920ರ ದಶಕದಲ್ಲಿ ಸರಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಕಟ್ಟಿಸಿದ ಬಿಡಿಡಿ ಚಾಳುಗಳ ಖೋಲಿಯೂ 160 ಚದರಡಿಯದೇ. ಒಂಟಿಯಾಗಿ ದುಡಿಯಲು ಬಂದವನಿಗೆ ಸಾಕಾಗಬಹುದಾದ ಆ ಜಾಗದಲ್ಲಿ ಮೂರು ತಲೆಮಾರು ಬದುಕಿದವು. ವರ್ಲಿ, ನಾಯಗಾಂವ್, ಡಿಲೈಲ್ ರೋಡುಗಳ ಚಾಳುಗಳನ್ನು ಕೆಡವಿ ಕಟ್ಟುವ ಯೋಜನೆಯಲ್ಲಿ ಹಳೆಯ ಬಾಡಿಗೆದಾರರಿಗೆ 500 ಚದರಡಿಯ ಮನೆಯೆಂದು ಗೊತ್ತುಮಾಡಿದ್ದಾರೆ.

ಚಾಳನ್ನು ಬೈಯುವುದು ಸುಲಭ. ಬೆಳಗಾದರೆ ಡಬ್ಬ ಹಿಡಿದು ಕಕ್ಕಸಿನ ಸಾಲಿನಲ್ಲಿ ನಿಲ್ಲಬೇಕಿತ್ತು. ಅಡಿಗೆಯ ಹೊಗೆಯಲ್ಲೇ ಮಕ್ಕಳ ಓದು. ಆದರೆ ಒಂದು ಮಾತು ಹೇಳಬೇಕು. ಅಲ್ಲಿ ಉದ್ದನೆಯ ಗ್ಯಾಲರಿ ಇತ್ತು. ಗಂಡಸರು ಅಲ್ಲಿ ಚಾಪೆ ಬಿಚ್ಚುತ್ತಿದ್ದರು, ಒಳಗೆ ಹೆಂಗಸರು ಮಕ್ಕಳು. ನಡುರಾತ್ರಿ ಎದ್ದವರು ಬಾಗಿಲು ಸರಿಸಿ ಗ್ಯಾಲರಿಯ ಕೊನೆಗೆ ಹೋಗಿ ಬರಬಹುದಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇದರ ಬೆಲೆ ನಮಗೆ ತಿಳಿದದ್ದು ಅದು ಕೈತಪ್ಪಿದ ಮೇಲೆ.

1999ರಲ್ಲಿ ಮೂವರೂ ಕೂಡಿ, ಅಕ್ಕಸಾಲಿಗನ ಅಂಗಡಿಯ ಮೆಟ್ಟಿಲನ್ನೂ ಹತ್ತಿ ಇಳಿದು, ಡೊಂಬಿವಲಿಯಲ್ಲಿ ಫ್ಲ್ಯಾಟು ಕೊಂಡೆವು. ಕಾಗದದಲ್ಲಿ 600 ಚದರಡಿ. ಟೇಪು ಹಿಡಿದು ಅಳೆದರೆ ಒಳಗೆ 410. ಉಳಿದದ್ದೆಲ್ಲಿ ಎಂದು ಕೇಳಿದರೆ ಕಟ್ಟಿಸಿದಾತ ಜಿನೆಯನ್ನೂ ಹೊರಗೋಡೆಯನ್ನೂ ಲಿಫ್ಟಿನ ಗುಂಡಿಯನ್ನೂ ತೋರಿಸಿದ! ಆ ಕಾಲದಲ್ಲಿ ಇದು ಎಲ್ಲೆಡೆ ನಡೆಯುತ್ತಿತ್ತು. ಈಗ 2016ರ ರೇರಾ ಕಾಯಿದೆ ಕಾರ್ಪೆಟ್ ಏರಿಯಾ ಎಂದರೆ ಏನೆಂದು ಬರೆದಿಟ್ಟಿದೆ: ಒಳಗಿನ ಬಳಕೆಯ ನೆಲ, ಒಳಗಿನ ಅಡ್ಡಗೋಡೆಗಳು ಸೇರಿ; ಹೊರಗೋಡೆ, ಪೈಪಿನ ಕೊಳವೆಗುಂಡಿ, ಬಾಲ್ಕನಿ ಸೇರದು. ನೀವು ಕೇಳಬೇಕಾದದ್ದು ಈ ಒಂದು ಅಂಕಿಯನ್ನು. ‘ಸೂಪರ್ ಬಿಲ್ಟಪ್’ ಎಂಬ ಮಾತು ಕಿವಿಗೆ ಬಿದ್ದರೆ, ‘ಕಾರ್ಪೆಟ್ ಎಷ್ಟು, ಬರೆದು ಕೊಡಿ’ ಎನ್ನಿ. ಕರಾರುಪತ್ರ ನೋಂದಣಿಯಾಗುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳಕೂಡದೆಂದೂ ಅದೇ ಕಾಯಿದೆ ಹೇಳುತ್ತದೆ.

ಅಳತೆಯ ಮೋಸ ಬೇರೆಯವರದು. ಇನ್ನು ಹೇಳುವ ತಪ್ಪು ನಮ್ಮದೇ.

ಆ ಮನೆಯ ನಕ್ಷೆಯಲ್ಲಿ ಹಾಲಿಗೂ ಮಲಗುವ ಕೋಣೆಗೂ ನಡುವೆ ಮೂರಡಿಯ ಓಣಿ ಇತ್ತು. ಬಚ್ಚಲು, ಕಕ್ಕಸು ಎರಡೂ ಒಂದರಲ್ಲೇ. ಅದರ ಬಾಗಿಲು ಆ ಓಣಿಗೆ. ‘ಓಣಿ ದಂಡ, ಅದನ್ನು ಸೇರಿಸಿಕೊಂಡು ಹಾಲು ದೊಡ್ಡದು ಮಾಡೋಣ, ತಮ್ಮನ ಸಂಬಂಧಕ್ಕೆ ಬರುವವರು ಎಲ್ಲಿ ಕೂರಬೇಕು?’ ಎಂದು ನಾವೇ ಹಟ ಹಿಡಿದೆವು. ಗೋಡೆಯ ಜಾಗ ಬದಲಾಯಿತು, ಬಚ್ಚಲಿನ ಬಾಗಿಲು ಮಲಗುವ ಕೋಣೆಯೊಳಕ್ಕೆ ತಿರುಗಿತು. ಬಂದವರೆಲ್ಲ ಹಾಲನ್ನು ಹೊಗಳಿದರು. ತಮ್ಮನ ಮದುವೆಯಾಯಿತು, ಹೊಸ ದಂಪತಿಗಳಿಗೆ ಆ ಕೋಣೆ ಬಿಟ್ಟುಕೊಟ್ಟೆವು. ನಾವುಳಿದ ಒಂಬತ್ತು ಜನ ಹಾಲಿನಲ್ಲೂ ಅಡಿಗೆಮನೆಯಲ್ಲೂ.

ರಾತ್ರಿ ಹತ್ತಕ್ಕೆ ಆ ಕೋಣೆಯ ಚಿಲಕ ಬೀಳುತ್ತಿತ್ತು. ಮಕ್ಕಳಾದರೆ ದಬದಬನೆ ತಟ್ಟುತ್ತಿದ್ದವು. ನಮ್ಮ ತಾಯಿಯವರು ತಟ್ಟಲಿಲ್ಲ. ಸಂಜೆ ನಾಲ್ಕರ ಚಹದ ನಂತರ ನೀರು ಕುಡಿಯುವುದನ್ನೇ ಬಿಟ್ಟರು. ಒಂದಲ್ಲ, ಎರಡು ಬೇಸಿಗೆ ಹಾಗೆ ಕಳೆದವು. ಊಟದ ಹೊತ್ತಿನ ಲೋಟ ತುಂಬಿದಂತೆಯೇ ಉಳಿಯುವುದನ್ನು ಕಂಡವರು ಅತ್ತಿಗೆ; ಅಣ್ಣನಿಗೂ ನಮಗೂ ಅದು ಕಣ್ಣಿಗೆ ಬೀಳಲೇ ಇಲ್ಲ. ಕೊನೆಗೆ ಉರಿಮೂತ್ರ, ಚಳಿಜ್ವರ. ‘ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ?’ ಎಂದು ಡಾಕ್ಟರರು ಕೇಳಿದಾಗ ತಾಯಿಯವರು ನಮ್ಮ ಮುಖ ನೋಡಿ ಸುಮ್ಮನಾದರು. ಮನೆಗೆ ಬಂದ ಮೇಲೆ ಅತ್ತಿಗೆ ಒತ್ತಾಯಿಸಿದ್ದಕ್ಕೆ, ‘ಮಗ ಸೊಸೆ ಮಲಗಿದ ಬಾಗಿಲನ್ನು ಹೇಗೆ ತಟ್ಟುವುದು ಮಾರಾಯ್ತಿ?’ ಎಂದರಂತೆ.

ಇದನ್ನು ಕೇಳಿ ತಮ್ಮನ ಹೆಂಡತಿ ಅತ್ತಳು. ಅಂದಿನಿಂದ ಚಿಲಕ ಹಾಕುವುದನ್ನು ನಿಲ್ಲಿಸಿದಳು. ಅವಳ ನಿದ್ದೆಯೂ ಹೋಯಿತು. ಯಾರ ತಪ್ಪೂ ಇರಲಿಲ್ಲ. ತಪ್ಪಿದ್ದದ್ದು ಬಾಗಿಲಿನಲ್ಲಿ.

ಆದ್ದರಿಂದ ಮನೆ ನೋಡಲು ಹೊರಟವರಿಗೆ ನಾವು ಮೊದಲು ಹೇಳುವುದು ಚದರಡಿಯನ್ನಲ್ಲ. ಚೌಕುಳಿ ಕಾಗದದಲ್ಲಿ ನಕ್ಷೆ ಬರೆದು, ಪ್ರತಿಯೊಬ್ಬರ ಹಾಸಿಗೆಯನ್ನೂ ಗುರುತು ಮಾಡಿ. ಪ್ರತಿ ಹಾಸಿಗೆಯಿಂದ ಕಕ್ಕಸಿನವರೆಗೆ ಒಂದು ಗೆರೆ ಎಳೆಯಿರಿ. ಆ ಗೆರೆ ಇನ್ನೊಬ್ಬರ ಹಾಸಿಗೆಯನ್ನಾಗಲಿ ಮುಚ್ಚಿದ ಬಾಗಿಲನ್ನಾಗಲಿ ದಾಟಿದರೆ ಆ ಮನೆ ನಿಮಗೆ ಚಿಕ್ಕದು, ಸಾವಿರ ಚದರಡಿ ಇದ್ದರೂ ಚಿಕ್ಕದು. ನಾವು ‘ದಂಡ’ ಎಂದ ಆ ಮೂರಡಿಯ ಓಣಿಯೇ ಮನೆಯ ಮರ್ಯಾದೆಯಾಗಿತ್ತು.

ಹಾಸಿಗೆಯ ಲೆಕ್ಕವೂ ಸುಲಭ. ಒಬ್ಬರಿಗೆ ಆರಡಿ ಉದ್ದ, ಎರಡೂವರೆ ಅಡಿ ಅಗಲ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದೇ ವಾಸದ ಕೋಣೆಯಿದ್ದರೆ ಅದಕ್ಕೆ ಕನಿಷ್ಠ 9.5 ಚದರ ಮೀಟರು, ಅಗಲ 2.4 ಮೀಟರು ಇರಬೇಕೆನ್ನುತ್ತದೆ. ಹೆಚ್ಚುಕಡಿಮೆ ಎಂಟಡಿಗೆ ಹದಿಮೂರಡಿ. ಅಗಲಕ್ಕೆ ಮೂರು ಹಾಸಿಗೆ ಹಿಡಿಯುತ್ತವೆ. ಉದ್ದಕ್ಕೆ ಎರಡು ಸಾಲು ಹಾಕಿ ಆರು ಜನರನ್ನು ಮಲಗಿಸಬಹುದು, ಆದರೆ ಆಮೇಲೆ ಕಾಲಿಡಲು ಜಾಗವಿಲ್ಲ. ದಾರಿ ಬಿಟ್ಟರೆ ನಾಲ್ವರು. ಟ್ರಂಕು, ಗೋದ್ರೆಜ್ ಕಪಾಟು ಬಂದರೆ ಮೂವರು. ಇದನ್ನು ಮನೆ ನೋಡುವಾಗ ಯಾರೂ ಎಣಿಸುವುದಿಲ್ಲ. ಖಾಲಿ ಕೋಣೆ ಎಲ್ಲರಿಗೂ ದೊಡ್ಡದಾಗಿಯೇ ಕಾಣುತ್ತದೆ.

ಬೆಳಗಿನ ಲೆಕ್ಕ ಬೇರೆ. ಹತ್ತು ಜನರಿಗೆ ತಲಾ ಹನ್ನೆರಡು ನಿಮಿಷವೆಂದರೂ ಎರಡು ಗಂಟೆ. ಏಳೂಕಾಲರ ಲೋಕಲು ಕಾಯುವುದಿಲ್ಲ. ಕಕ್ಕಸು, ಬಚ್ಚಲು ಬೇರೆಬೇರೆ ಬಾಗಿಲಿನವಾದರೆ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ಒಟ್ಟಾಗಿರುವ ಹೊಳೆಯುವ ಟೈಲಿನ ಬಾತ್‌ರೂಮಿಗೆ ಮರುಳಾಗಬೇಡಿ. ರಾತ್ರಿಪಾಳಿಯವರಿದ್ದರೆ ಹಗಲು ಮುಚ್ಚಬಹುದಾದ ಒಂದು ಕೋಣೆ, ಎಷ್ಟೇ ಚಿಕ್ಕದಿರಲಿ, ಬೇಕು. ನೀರು ಹೊತ್ತಿಗೆ ಮಾತ್ರ ಬರುವ ಕಡೆ ಪೀಪಾಯಿ ಎಲ್ಲಿಡುವಿರಿ ಎಂಬುದನ್ನೂ ನೋಡಿಕೊಳ್ಳಿ.

ಮೂರನೆಯ ಮನೆಯ ವಿಷಯ ಹೇಳಿ ಮುಗಿಸುತ್ತೇವೆ. 2008ರಲ್ಲಿ ಆ ಫ್ಲ್ಯಾಟನ್ನು ಮಾರಿದಾಗ ನಮ್ಮ ಮುಂದೆ ಎರಡು ದಾರಿ ಇದ್ದವು: ಮೂರು ಕೋಣೆಯ ಒಂದೇ ದೊಡ್ಡ ಮನೆ, ಅಥವಾ ಒಂದೇ ಮಾಳಿಗೆಯಲ್ಲಿ ಎದುರುಬದುರಾಗಿ ಎರಡು ಚಿಕ್ಕವು. ಕೈಯಲ್ಲಿದ್ದ ಹಣಕ್ಕೆ ದೊಡ್ಡ ಮನೆಯೂ ಆಗುತ್ತಿತ್ತು. ಅಣ್ಣನಿಗೆ ಅದರ ಮೇಲೆಯೇ ಮನಸ್ಸು. ‘ಎರಡು ಬಾಗಿಲು ಮಾಡಿದರೆ ಸಂಸಾರ ಒಡೆದಂತೆ’ ಎಂದರು. ಅತ್ತಿಗೆ ಒಪ್ಪಲಿಲ್ಲ. ಎರಡು ಕೊಂಡೆವು. ಎರಡು ಕಕ್ಕಸು, ಎರಡು ಬಚ್ಚಲು ದೊರೆತವು. ಒಂದು ಕಡೆ ಅಡಿಗೆ. ಇನ್ನೊಂದರ ಅಡಿಗೆಮನೆ ಹುಡುಗರ ಓದಿಗೆ. ಸಾಲವನ್ನೂ ಇಬ್ಬರು ತಮ್ಮತಮ್ಮ ಹೆಸರಿನಲ್ಲಿ ಬೇರೆಬೇರೆ ತೆಗೆದೆವು. ನಷ್ಟವೂ ಇದೆ: ಸೊಸಾಯಿಟಿಗೆ ತಿಂಗಳ ಹಣ ಎರಡು ಪಟ್ಟು, ವಿದ್ಯುತ್ತಿನ ಮೀಟರು ಎರಡು. ಇನ್ನು ಅಕ್ಕಪಕ್ಕದ ಮನೆ ಕೊಂಡವರು ನಡುಗೋಡೆ ಒಡೆಯುವ ಆಸೆಪಟ್ಟರೆ ಸೊಸಾಯಿಟಿ, ನಗರಪಾಲಿಕೆಗಳ ಅಪ್ಪಣೆಯಿಲ್ಲದೆ ಕೈಹಾಕಬೇಡಿ. ಮೇಲಿನ ಮಾಳಿಗೆಗಳ ಭಾರ ಯಾವ ಗೋಡೆಯ ಮೇಲಿದೆಯೋ ನಮಗೆ ನಿಮಗೆ ತಿಳಿಯದು.

ಅಣ್ಣ ಹೆದರಿದಂತೆ ಸಂಸಾರ ಒಡೆಯಲಿಲ್ಲ ಎಂದರೆ ಅರ್ಧ ಸುಳ್ಳಾಗುತ್ತದೆ. ಆರು ವರ್ಷದ ಮೇಲೆ ಒಲೆ ಎರಡಾಯಿತು. ಆದರೆ ಗೋಡೆ ಎತ್ತಬೇಕಾಗಲಿಲ್ಲ, ಮನೆ ಮಾರಬೇಕಾಗಲಿಲ್ಲ, ಮಾತು ಬಿಡಬೇಕಾಗಲಿಲ್ಲ. ಸಾರಿನ ಪಾತ್ರೆ ಈಗಲೂ ಎದುರು ಬಾಗಿಲಿಗೆ ಹೋಗಿ ಬರುತ್ತದೆ. ತಾಯಿಯವರು ಕೊನೆಯವರೆಗೂ ಬಚ್ಚಲಿಗೆ ಹತ್ತಿರದ ಮೂಲೆಯಲ್ಲಿ, ತಲೆದೆಸೆಯಲ್ಲಿ ತುಂಬಿದ ತಂಬಿಗೆ ಇಟ್ಟುಕೊಂಡು ಮಲಗಿದರು.

ಬಾಡಿಗೆಗೆ ಹುಡುಕುವವರಿಗೂ ಕಾಗದದ ಮೇಲಿನ ಆ ಗೆರೆಯೇ ಸಾಕು; ಕರಾರನ್ನು ಮಾತ್ರ ಬರೆಸಿ ನೋಂದಾಯಿಸಿಕೊಳ್ಳಿ. ಚೌಕುಳಿ ಕಾಗದವನ್ನೂ ಒಂದು ಟೇಪನ್ನೂ ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ನಕ್ಷೆ ಕೈಯಲ್ಲಿದ್ದವರು ಭಾನುವಾರ ಸಂಜೆ ತನ್ನಿ, ಒಟ್ಟಿಗೆ ಕೂತು ನೋಡೋಣ. ಬರುವಾಗ ಮನೆಯ ಹೆಂಗಸರನ್ನೂ ಕರೆತನ್ನಿ.