ಕರಾಟೆ ಕಿಂಗ್‌ಗ ಕರಾಟೆ ಬರ್ತಿತ್ತಾ?

ನಾರಾಯಣಖೇಡ ಕಡಿಯ ಕಲ್ಹೇರಿಂದ ಮಾತಾಡ್ಲಿಕ್ಕತ್ತೀನಿ. ಇವತ್ತಿನ ಕಂತು ಸಿಟ್ಟಿನ್ಯಾಗ ಹುಟ್ಟಿದ್ದು, ಅದನ್ನ ಮೊದಲೇ ಹೇಳಿಬಿಡ್ತೀನಿ.

ಒಂದು ರೀಲು ಎಲ್ಲರ ಮೊಬೈಲಿನ್ಯಾಗೂ ಓಡಾಡ್ಲಿಕ್ಕತ್ತದ. ಶಂಕರ್‌ನಾಗ್ ಕಾಲೆತ್ತಿ ಒದೀತಾರ, ಹಿಂದ ಡಬ್ ಡಬ್ ಅಂತ ಮ್ಯೂಸಿಕ್ಕು, ಮ್ಯಾಲ ದೊಡ್ಡ ಅಕ್ಷರದಾಗ ಬ್ಲ್ಯಾಕ್ ಬೆಲ್ಟು, ನಾಟಕ, ಸಿನಿಮಾ, ದಿನಕ್ಕ ನಾಕೇ ತಾಸು ನಿದ್ದಿ, ನೀನೂ ಏಳು ಅಂತ ಬರದಾರ. ನಮ್ಮ ಕ್ಲಾಸಿನ ಹುಡುಗರು ಅದನ್ನ ಹುಡುಕಿ ಹುಡುಕಿ ನನಗೇ ಕಳಸ್ತಾರ. ಯಾಕಂದ್ರ ನಂದೂ ಅದೇ ಪಾಡು. ಮುಂಜಾನಿ ನಾರಾಯಣಖೇಡಕ್ಕ ಹೋಗಿ ಕರಾಟೆ ಕಲಸ್ತೀನಿ. ಲಗ್ನದ ಸೀಸನ್ ಬಂತಂದ್ರ ಹಗಲೆಲ್ಲಾ ವಿಡಿಯೋ ಶೂಟಿಂಗು, ಎಡಿಟಿಂಗು. ಜಾತ್ರಿ ಹತ್ರ ಬಂತಂದ್ರ ರಾತ್ರಿ ಊರಾಗ ನಾಟಕದ ತಾಲೀಮು. "ಸರ್, ಇಷ್ಟೆಲ್ಲಾ ಹ್ಯಾಂಗ ಮಾಡ್ತೀರಿ, ನೀವೂ ಶಂಕರಣ್ಣನ ಹಂಗ ನಿದ್ದಿ ಬಿಟ್ಟೀರೇನು" ಅಂತ ಕೇಳ್ತಾರ. ಇಲ್ಲಪ್ಪಾ, ನಾ ಚೊಲೋತ್ನಾಗಿ ನಿದ್ದಿ ಮಾಡ್ತೀನಿ.

ಶಂಕರ್‌ನಾಗ್ ಯಾರು, ಎಷ್ಟು ಸಿನಿಮಾ, ಯಾವ ಪ್ರಶಸ್ತಿ, ಅದೆಲ್ಲಾ ಹುಡುಕಿದ್ರ ಸಿಗ್ತದ, ನಾ ಹೇಳೋದಿಲ್ಲ. 1954ರಾಗ ಹೊನ್ನಾವರದ ಕಡಿ ಹುಟ್ಟಿದ್ರು, ಅನಂತ್‌ನಾಗ್ ಅವರ ತಮ್ಮ, 1990ರಾಗ ಹೋದರು. ಇಷ್ಟು ಸಾಕು. ನನಗ ಎರಡೇ ಪ್ರಶ್ನಿ ಅವ. ಅವರಿಗಿ ಕರಾಟೆ ಬರ್ತಿತ್ತಾ? ಮತ್ತ, ಅಷ್ಟೊಂದು ಕೆಲಸ ಒಬ್ಬ ಮನಷ್ಯಾ ಹ್ಯಾಂಗ ಮಾಡಿದ?

1979ರಾಗ 'ಸೀತಾರಾಮು' ಬಂತು. ವಿ. ಸೋಮಶೇಖರ್ ನಿರ್ದೇಶನ. ಅದಾದ ಮ್ಯಾಲ ಜನ ಅವರನ್ನ ಕರಾಟೆ ಕಿಂಗ್ ಅಂತ ಕರೀಲಿಕ್ಕ ಚಾಲೂ ಮಾಡಿದ್ರು. ಆ ಕಾಲ ಎಂಥದ್ದು ಅಂತ ನೆನಪಿಡ್ರಿ. ಬ್ರೂಸ್ ಲೀಯ 'ಎಂಟರ್ ದ ಡ್ರ್ಯಾಗನ್' 1973ರದ್ದು. ಆ ಗಾಳಿ ನಮ್ಮ ದೇಶಕ್ಕ ಬೀಸಿದ ಮ್ಯಾಲ ಊರೂರಿಗಿ ಕರಾಟೆ ಕ್ಲಾಸು, ಗೋಡಿ ಗೋಡಿಗಿ ಒದಿಯೋ ಮನಷ್ಯಾನ ಚಿತ್ರ. ಜರಾ ಕೈಕಾಲು ಆಡಿಸೋ ಹೀರೋ ಬಂದ್ರ ಅವನ ಹೆಸರಿನ ಹಿಂದ ಕರಾಟೆ ಅಂತ ಹಚ್ಚೋದು ಗ್ಯಾರಂಟಿ. ಶಂಕರ್‌ನಾಗ್ ಕ್ರಮ ಹಿಡದು ಗುರುವಿನ ಕೈಯಾಗ ಕರಾಟೆ ಕಲಿತವರಲ್ಲ. ಆ ಬಿರುದು ಟಾಕೀಸಿನ್ಯಾಗ ಕೂತ ಜನ ಕೊಟ್ಟದ್ದು. ಬೆಲ್ಟ್ ಪರೀಕ್ಷಿಗೂ ಅದಕ್ಕೂ ಸಂಬಂಧ ಇಲ್ಲ.

ಕರಾಟೆ ಮಾಸ್ತರಾಗಿ ನೋಡಿದ್ರ ನಾ ತಪ್ಪು ಹಿಡೀತೀನಿ, ಅದು ನನ್ನ ಚಟ. ಒದ್ದ ಕಾಲು ಒದ್ದಷ್ಟೇ ಬಿರುಸಿನಿಂದ ವಾಪಸ್ ಬರಬೇಕು. ಗುದ್ದುವಾಗ ಇನ್ನೊಂದು ಕೈ ಸೊಂಟಕ್ಕ ಎಳಕೋಬೇಕು. ಸಿನಿಮಾದಾಗ ಶಂಕರ್‌ನಾಗ್ ಒದ್ದಂಗ ನಮ್ಮ ಕ್ಲಾಸಿನ್ಯಾಗ ಒದ್ರ ತಿದ್ದಿಸಿ ಮತ್ತ ಮಾಡಸ್ತೀನಿ. ಆದ್ರೂ ಅವರು ತೆರಿ ಮ್ಯಾಲ ಇದ್ರ ಕಣ್ಣು ಬ್ಯಾರೆ ಕಡಿ ಹೋಗಂಗಿಲ್ಲ. ಯಾಕ?

ಇಲ್ಲಿ ಜರಾ ನಿಂದ್ರತೀನಿ, ಇದು ನನ್ನ ಇಷ್ಟದ ಜಾಗ. ನಾಟಕದಾಗ ಹೊಡತ ಅನ್ನೋದು ಹೊಡಿಸ್ಕೊಳ್ಳವನ ಕೆಲಸ. ನಾ ಒಬ್ಬನ ಕಪಾಳಕ್ಕ ಹೊಡೀಬೇಕು ಅಂತ ತಿಳ್ಕೋರಿ. ನನ್ನ ಕೈ ಅವನ ಮಾರಿ ಮುಂದಿಂದ ಒಂದು ಗೇಣು ದೂರದಾಗ ಹಾದು ಹೋಗ್ತದ. ಜನಕ್ಕ ನನ್ನ ಬೆನ್ನು ಕಾಣಬೇಕು, ಆ ಗೇಣು ಕಾಣಬಾರದು. ಕೈ ಹಾದು ಹೋಗೋ ಹೊತ್ತಿಗೇ ಅಂವ ತನ್ನ ಎರಡೂ ಅಂಗೈ ಎದಿ ಹತ್ರ ಚಟ್ ಅಂತ ಬಡೀಬೇಕು, ಸಪ್ಪಳದ ಜೋಡೀನೇ ಮಾರಿ ತಿರುವಬೇಕು. ಮಾರಿ ಮೊದಲು ತಿರುಗಿ ಸಪ್ಪಳ ಆಮ್ಯಾಲ ಬಂತು ಅಂದ್ರ ಮುಗೀತು, ಮುಂದ ಜಮಖಾನಿ ಮ್ಯಾಲ ಕೂತ ಪೋರಗೋಳು ಸೈತ ನಗತಾವ. ಬೀಳೋದೂ ಹಂಗೇ. ಕೈ ಊರಿ ಬಿದ್ರ ಮಣಿಕಟ್ಟು ಹೋಗ್ತದ. ಗದ್ದ ಎದಿಗಿ ಹಚ್ಚಬೇಕು, ಬೆನ್ನು ಗುಂಡಗ ಮಾಡ್ಕೋಬೇಕು, ಪಕ್ಕಕ್ಕ ಉರುಳಬೇಕು. ಕುಸ್ತಿ ಆಡೋ ಹುಡುಗರಿಗಿ ಇದನ್ನ ವಸ್ತಾದರು ಮೊದಲೇ ಕಲಿಸಿರ್ತಾರ. ಅದಕ್ಕೇ ನಮ್ಮೂರ ನಾಟಕದಾಗ ಸಾಯೋ ಪಾರ್ಟು ಯಾವಾಗಲೂ ಕುಸ್ತಿ ಹುಡುಗರ ಪಾಲಿಗೇ ಬರ್ತದ. ಮಾತು ಕಡಿಮಿ, ಬೀಳೋದು ಚಂದ.

ಕರಾಟೆ ಹುಡುಗರದ್ದು ಬ್ಯಾರೆ ಗುಣ. ಅವರಿಗಿ ಕೈ ನಿಲ್ಲಿಸ್ಲಿಕ್ಕ ಬರ್ತದ. ಪೂರಾ ಜೋರಿನಿಂದ ಬಂದ ಗುದ್ದು ಚರ್ಮದ ಹತ್ರ ಬಂದು ನಿಂತುಬಿಡಬೇಕು. ಇದಕ್ಕ ವರ್ಷಗಟ್ಟಲೆ ಸಾಧನಾ ಬೇಕು. ಬೀಳ್ಲಿಕ್ಕೂ ಬರಲಾರದ, ನಿಲ್ಲಿಸ್ಲಿಕ್ಕೂ ಬರಲಾರದ ಮನಷ್ಯಾನ ಕೈಯಾಗ ಸ್ಟೇಜಿನ ಮ್ಯಾಲ ಕತ್ತಿ ಕೊಡಬ್ಯಾಡ್ರಿ, ತಗಡಿನ ಕತ್ತಿ ಇದ್ರೂ ಕೊಡಬ್ಯಾಡ್ರಿ.

ಶಂಕರ್‌ನಾಗ್ ಮುಂಬೈಯಾಗ ಮರಾಠಿ ನಾಟಕದಾಗ ಪಳಗಿದವರು. ದೂರ ಎಷ್ಟು, ಹೊತ್ತು ಎಷ್ಟು, ಎದುರಿನವ ಎತ್ತ ನೋಡ್ಲಿಕ್ಕತ್ತಾನ, ಈ ಲೆಕ್ಕ ಅವರ ಮೈಯಾಗ ಇತ್ತು. ನಾವು ಸಿಳ್ಳಿ ಹೊಡದದ್ದು ಅದಕ್ಕ. ನನ್ನ ಅಭಿಪ್ರಾಯ ಕೇಳಿದ್ರ ಕರಾಟೆ ಕಿಂಗ್ ಅನ್ನೋದು ಒಬ್ಬ ನಾಟಕದವಗ ಸಿಕ್ಕ ಮೆಚ್ಚುಗಿ. ರೀಲಿನವರು ನಾಟಕ ಹಿಂದ ಸರಿಸಿ ಬೆಲ್ಟ್ ಕಟ್ಟ್ಯಾರ.

ಸಾಕ್ಷಿ ಬೇಕಂದ್ರ 'ಸೀತಾರಾಮು' ಬರೋದಕ್ಕಿಂತ ಹಿಂದಿನ ವರ್ಷಕ್ಕ ಹೋಗ್ರಿ. 1978, ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ'. ಶಂಕರ್‌ನಾಗ್ ಪಾತ್ರದ ಹೆಸರು ಗಂಡುಗಲಿ, ರೊಕ್ಕ ಕೊಟ್ಟವರ ಪರ ಕತ್ತಿ ಹಿಡಿಯೋ ಬಾಡಿಗಿ ಯೋಧ. ಎದುರಿಗಿ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಕಾರ್ನಾಡರು ಜಪಾನಿನ ಕುರೊಸಾವನ ಸಮುರಾಯ್ ಸಿನಿಮಾಗಳ ಜಾಡು ಹಿಡದು ಮಾಡಿದ್ದು ಅದು. 1979ರಾಗ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಾಗ ಶಂಕರ್‌ನಾಗ್‌ಗ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕಾದಾಟದ ಪಾತ್ರಕ್ಕ ನಟನೆಯ ಪ್ರಶಸ್ತಿ, ಇದನ್ನ ರೀಲಿನ್ಯಾಗ ಯಾರೂ ಹಾಕಂಗಿಲ್ಲ. ಆ ಸಿನಿಮಾದಾಗ ಕತ್ತಿ ಎತ್ತೋ ಮೊದಲು ಆ ಮನಷ್ಯಾ ನಿಂತಿರೋ ರೀತಿ ನೋಡ್ರಿ, ಹೊಡತ ಆಮ್ಯಾಲ ನೋಡ್ರಿ.

ಬ್ರೂಸ್ ಲೀ ಹೆಸರು ಬಂತಲ್ಲ, ಒಂದು ಅಡ್ಡಮಾತು. ಅಂವ ಹಾಂಕಾಂಗಿನ್ಯಾಗ ಸಣ್ಣಾಂವ ಇದ್ದಾಗಿಂದ ಸಿನಿಮಾದಾಗ ಪಾತ್ರ ಮಾಡ್ತಿದ್ದ, ಇಪ್ ಮನ್ ಹತ್ರ ವಿಂಗ್ ಚುನ್ ಕಲೀತಿದ್ದ, 1958ರಾಗ ಚಾ ಚಾ ಡ್ಯಾನ್ಸಿನ ಸ್ಪರ್ಧಾ ಗೆದ್ದ. ಎಲ್ಲಾ ಸಣ್ಣ ವಯಸ್ಸಿನ್ಯಾಗೇ. ನಾಟಕ ಗೀಟಕ ಬಿಟ್ಟು ಬರೇ ಕರಾಟೆ ಮಾಡು ಅಂತ ಮಕ್ಕಳಿಗಿ ಹೇಳೋ ತಂದಿತಾಯಿ ಇದನ್ನ ಕೇಳ್ಲಿ ಅಂತ ಹೇಳಿದೆ.

ಇನ್ನ ಎರಡನೇ ಪ್ರಶ್ನಿ. 1980 ಒಂದೇ ವರ್ಷ ತಗೋರಿ. 'ಮಿಂಚಿನ ಓಟ', 'ಜನ್ಮ ಜನ್ಮದ ಅನುಬಂಧ', ಎರಡೂ ಅವರದೇ ನಿರ್ದೇಶನ. 'ಆಟೋ ರಾಜ'ದಾಗ ಹೀರೋ. ಅದೇ ವರ್ಷ ಅರುಂಧತಿ ಅವರ ಜೋಡಿ ಲಗ್ನ. ಸಂಕೇತ್ ಅನ್ನೋ ನಾಟಕ ತಂಡನೂ ಹೆಚ್ಚುಕಮ್ಮಿ ಆ ಹೊತ್ತಿನದೇ. ಒಟ್ಟು 12 ವರ್ಷದ ಸಿನಿಮಾ ಬದುಕಿನ್ಯಾಗ 80ಕ್ಕೂ ಹೆಚ್ಚು ಸಿನಿಮಾ. ಲೆಕ್ಕ ಹಾಕಿದ್ರ ತಲಿ ತಿರಗ್ತದ ಖರೇ.

ಆದ್ರ ನಿದ್ದಿ ಬಿಟ್ಟು ಮಾಡಿದ್ರು ಅನ್ನೋದು ಸಸ್ತಾ ಉತ್ತರ. 35ನೇ ವಯಸ್ಸಿಗಿ, ಸೆಪ್ಟೆಂಬರ್ 30, 1990ಕ್ಕ, ಶೂಟಿಂಗಿಗಿ ಹೋಗೋ ದಾರಿಯಾಗ, ದಾವಣಗೆರಿ ಹತ್ರ ಆನಗೋಡಿನಾಗ ಕಾರ್ ಅಪಘಾತದಾಗ ಹೋದ ಮನಷ್ಯಾನ ಹೆಸರು ಹಿಡದು, ನಿದ್ದಿ ಕೆಡ್ರಿ ಅಂತ ಹುಡುಗರಿಗಿ ಹೇಳ್ಲಿಕ್ಕ ನಾಲಿಗಿ ಹ್ಯಾಂಗ ಹೊರಳ್ತದೋ ನನಗ ತಿಳೀವಲ್ದು.

ನನಗ ಕಾಣೋ ಉತ್ತರ ಸಂಕೇತ್. ನೋಡ್ರಿ, ಆ ತಂಡ 'ಅಂಜುಮಲ್ಲಿಗೆ' ಮಾಡ್ತು, 'ಬ್ಯಾರಿಸ್ಟರ್' ಮಾಡ್ತು, 'ಸಂಧ್ಯಾ ಛಾಯಾ' ಮಾಡ್ತು, 'ಆಟ ಬೊಂಬಾಟ' ಮಾಡ್ತು, ಕಾರ್ನಾಡರ 'ನಾಗಮಂಡಲ' ಶಂಕರ್‌ನಾಗ್ ನಿರ್ದೇಶನದಾಗ ಮಾಡ್ತು. 'ನೋಡಿ ಸ್ವಾಮಿ ನಾವಿರೋದು ಹೀಗೆ' ಸ್ಟೇಜಿನ ಮ್ಯಾಲೂ ಬಂತು, ಅದೇ ಹೆಸರಿನ್ಯಾಗ ತೆರಿ ಮ್ಯಾಲೂ ಬಂತು. ನಾಟಕದಾಗ ಜೋಡಿ ಇದ್ದ ರಮೇಶ್ ಭಟ್ ಸಿನಿಮಾದಾಗೂ ಜೋಡಿ. ಕಡೀಕ ಆನಗೋಡಿನ ದಾರಿಯಾಗ ಹೊಂಟಿದ್ದು 'ಜೋಕುಮಾರಸ್ವಾಮಿ' ಶೂಟಿಂಗಿಗಿ, ಅದೂ ಚಂದ್ರಶೇಖರ ಕಂಬಾರರ ನಾಟಕವೇ. ಅಂದ್ರ ಅವರು ನಾಟಕ ಬಿಟ್ಟು ಸಿನಿಮಾಕ್ಕ, ಸಿನಿಮಾ ಬಿಟ್ಟು ಟಿವಿಗಿ ಜಿಗಿದಿಲ್ಲ. ಒಂದು ತಂಡದ ಜೋಡಿ ಬ್ಯಾರೆ ಬ್ಯಾರೆ ಜಾಗಕ್ಕ ಹೋಗ್ಯಾರ. ಪ್ರತಿ ಸಲ ಹೊಸ ಮಂದಿಗಿ ನಿಮ್ಮ ಮನಸ್ಸಿನ್ಯಾಗ ಏನದ ಅಂತ ಮೊದಲಿಂದ ತಿಳಿಸಿ ಹೇಳೋದ್ರಾಗ ಹೋಗ್ತದಲ್ಲ, ಆ ಟೈಮು ಅವರದ್ದು ಉಳೀತು.

ಅವರು ಟಿವಿಗಿ ಮಾಡಿದ 'ಮಾಲ್ಗುಡಿ ಡೇಸ್' ಇದಕ್ಕ ದೊಡ್ಡ ಉದಾಹರಣಿ. 39 ಕಂತು. ಆಗುಂಬೆಯ ಓಣಿಯೊಳಗ ಆರ್. ಕೆ. ನಾರಾಯಣರ ಊರು ಕಟ್ಟಿದ್ರು, ಅಲ್ಲಿಯ ದೊಡ್ಡಮನೆ ಕತಿಯ ಹುಡುಗ ಸ್ವಾಮಿಯ ಮನಿ ಆಯ್ತು. ಸ್ವಾಮಿಯ ಅಪ್ಪ ಗಿರೀಶ ಕಾರ್ನಾಡ್, ಇನ್ನೊಂದು ಕತಿಯಾಗ ಅನಂತ್‌ನಾಗ್. ಮೊದಲಿನ ಕಂತುಗಳನ್ನ ಹಿಂದಿ, ಇಂಗ್ಲಿಷು ಎರಡೂ ಭಾಷೆಯಾಗ ತಗದಾರ. ಮಳಿ ಬಿಡಲಾರದ ಊರಾಗ ಒಂದು ಸೀನು ಎರಡೆರಡು ಸಲ. ಮೊದಲೇ ಕೈ ಕೂಡಿದ ಮಂದಿ ಇಲ್ಲದಿದ್ರ ಅದು ಆಗೋ ಕೆಲಸ ಅಲ್ಲ. ನಮ್ಮ ಕಾಕಾ ಅದನ್ನ ದೂರದರ್ಶನದಾಗ ಹಿಂದಿಯಾಗ ನೋಡಿದವರು. ಮಾಡಿದವರು ಕನ್ನಡದವರು ಅಂತ ಅವರಿಗಿ ಗೊತ್ತಾಗಿದ್ದು ಭಾಳ ವರ್ಷದ ಮ್ಯಾಲ. "ಹೌದಾ, ನಮ್ಮವರಾ" ಅಂದ್ರು, ಅಷ್ಟೇ.

ಒಂದು ತಂಡ ಅಂದ್ನಲ್ಲ, ಅದನ್ನ ಜರಾ ಬಿಡಿಸಿ ಹೇಳ್ತೀನಿ, ದೋಸ್ತರ ಗುಂಪು ಕಟ್ಕೋರಿ ಅಂತ ತಿಳ್ಕೋಬ್ಯಾಡ್ರಿ. ದೋಸ್ತರು ತಾಲೀಮಿಗಿ ಬರಂಗಿಲ್ಲ, ಚಾಕ್ಕ ಬರ್ತಾರ. ನಾ ಹೇಳೋದು ಕೆಲಸದ ಜೋಡಿ. ನಮ್ಮಲ್ಲಿ ಅದು ಆಸಿ ಪಟ್ಟು ಮಾಡಿದ್ದಲ್ಲ, ಗತಿ ಇಲ್ಲದ್ದಕ್ಕ ಆಗಿದ್ದು. ನಮ್ಮ ನಾರಾಯಣಖೇಡ ತಾಲೂಕು 1956ರ ತನಕ ಬೀದರ ಜಿಲ್ಲಾದಾಗಿತ್ತು, ರಾಜ್ಯ ಹಂಚಿದಾಗ ಮೇದಕ ಜಿಲ್ಲಾಕ್ಕ ಹೋಯ್ತು. ಆ ಕಡಿ ತಾಂಡೂರು ಕಲಬುರಗಿಯಿಂದ ಹೋಯ್ತು. ಮನಿಯಾಗ ಕನ್ನಡ ಉಳೀತು, ಶಾಲಿ ತೆಲುಗು ಆಯ್ತು. ಈಗ ನಮ್ಮ ನಾಟಕದ ಹುಡುಗರಿಗಿ ಮಾತು ಕನ್ನಡದಾಗ ಬರ್ತದ, ಓದ್ಲಿಕ್ಕ ಬರಂಗಿಲ್ಲ. ನಾಟಕದ ಮಾಸ್ತರು ಬೀದರದಿಂದ ಕನ್ನಡ ನಾಟಕದ ಪುಸ್ತಕ ತರ್ತಾರ, ಒಬ್ಬರು ಜೋರಾಗಿ ಓದ್ತಾರ, ಹುಡುಗರು ತಮ್ಮ ತಮ್ಮ ಪಾರ್ಟು ತೆಲುಗು ಅಕ್ಷರದಾಗ ಬರಕೋತಾರ. ನೋಟ್‌ಬುಕ್ ತಗದು ನೋಡಿದ್ರ ಅಕ್ಷರ ತೆಲುಗು, ಬೈಗುಳ ಕನ್ನಡ. ಹಿಂಗ ತಯಾರಾದ ಒಬ್ಬ ಹುಡುಗ ಕೈ ಕೊಟ್ರ ಅವನ ಜಾಗಕ್ಕ ಇನ್ನೊಬ್ಬನ್ನ ಎಲ್ಲಿಂದ ತರ್ತೀರಿ? ಅದಕ್ಕ ನಾಟಕದ ಖಳನಾಯಕನೇ ಲಗ್ನದ ವಿಡಿಯೋದಾಗ ನನಗ ಲೈಟ್ ಹಿಡೀತಾನ. ಮುಂಜಾನಿ ಕ್ಲಾಸಿನ್ಯಾಗ ಸಣ್ಣ ಹುಡುಗರನ್ನ ಸಾಲು ಹಚ್ಚವನೂ ಅಂವನೇ. ಶೂಟಿಂಗಿಗಿ ಹೋಗೋ ಗಾಡಿಯಾಗ ಇಬ್ಬರೂ ಮಾತು ಒಪ್ಪಿಸ್ಕೋತೀವಿ. ನನ್ನ ಹತ್ರ ಬ್ಯಾರೆ ಗುಟ್ಟಿಲ್ಲ.

ಉಳಿದದ್ದು ಲಗೂ ಲಗೂ ಹೇಳ್ತೀನಿ, ಭಾಳ ಉದ್ದ ಆಯ್ತು. ಸಂಕೇತ್ ಹೆಸರಿನ್ಯಾಗೇ ಬೆಂಗಳೂರಾಗ ರೆಕಾರ್ಡಿಂಗ್ ಸ್ಟುಡಿಯೋ ಮಾಡಿದ್ರು. 1985ರ 'ಆಕ್ಸಿಡೆಂಟ್'ಕ್ಕ ರಾಷ್ಟ್ರಪ್ರಶಸ್ತಿ ಬಂತು. ರಾಜಕುಮಾರರನ್ನ ಹಾಕ್ಕೊಂಡು 'ಒಂದು ಮುತ್ತಿನ ಕಥೆ' ಮಾಡಿದ್ರು, ನೀರಿನೊಳಗ ಶೂಟಿಂಗು. ಮೆಟ್ರೋ ರೈಲಿನ ಕನಸೂ ಅವರಿಗಿತ್ತು. 2004ರಾಗ ಅರುಂಧತಿ ನಾಗ್ ಬೆಂಗಳೂರಿನ ಜೆ.ಪಿ. ನಗರದಾಗ ರಂಗಶಂಕರ ಕಟ್ಟಿ ನಿಂದರಿಸಿದ್ರು. ನನ್ನ ಕೇಳಿದ್ರ ಆ ಕತಿ ಇದಕ್ಕಿಂತ ದೊಡ್ಡದು, ಅದಕ್ಕ ಬ್ಯಾರೆ ಕಂತೇ ಬೇಕು.

ವಾರದ ಟೈಮ್‌ಟೇಬಲ್ ಹೇಳ್ರಿ ಅಂತ ಕೇಳವರಿಗಿ: ನಂದು ಸೀಸನ್ ಮ್ಯಾಲ ನಡೀತದ, ವಾರದ ಮ್ಯಾಲ ನಡ್ಯಂಗಿಲ್ಲ. ಲಗ್ನದ ಮುಹೂರ್ತ ಭಾಳ ಇರೋ ತಿಂಗಳದಾಗ ಬೆಲ್ಟ್ ಪರೀಕ್ಷಿ ಇಡಬ್ಯಾಡ್ರಿ. ಕಬ್ಬು ಕಡಿಯೋ ಹೊತ್ತಿನ್ಯಾಗ ನಾಟಕಕ್ಕ ದಿನ ಹಿಡೀಬ್ಯಾಡ್ರಿ, ಹೀರೋನೇ ಹೊಲದಾಗ ಇರ್ತಾನ. ಕರಾಟೆ ಒಂದನ್ನ ಮಾತ್ರ ಯಾವ ತಿಂಗಳಾದ್ರೂ ಬಿಡಂಗಿಲ್ಲ. ಒಂದು ತಾಸು ಮುಂಜಾನಿ ಮೈ ಬಗ್ಗಿಸಿದ್ರ ರಾತ್ರಿ ಮೂರು ತಾಸು ಸ್ಟೇಜಿನ ಮ್ಯಾಲ ದನಿ ಬೀಳಂಗಿಲ್ಲ.

ಈ ಸಲ ಜಾತ್ರಿ ನಾಟಕದಾಗ ಒಂದು ಜಗಳ ನಡದದ. ಸಾಮಾಜಿಕ ನಾಟಕ, ಅಣ್ಣತಮ್ಮರ ಹೊಲದ ವ್ಯಾಜ್ಯ. ಹುಡುಗರಿಗಿ ಅದರಾಗ ಒಂದು ಕರಾಟೆ ಫೈಟು ಬೇಕಂತ, ಬಿಳಿ ಡ್ರೆಸ್ಸು ಹಾಕ್ಕೊಂಡು ಹಂಚು ಒಡೀತಾರಂತ. ಪೇಟಿ ಮಾಸ್ತರಿಗಿ ಹಾಡು ಕಡಿಮಿ ಆಗ್ತದ ಅಂತ ಚಿಂತಿ. ನಾಟಕದ ಮಾಸ್ತರು ಮಾತ್ರ ಗಟ್ಟಿ ಹಿಡದಾರ: ಹೊಲದ ಬದುವಿನ ಮ್ಯಾಲ ಅಣ್ಣ ತಮ್ಮಗ ಹೊಡದ್ರ ಅದು ಕರಾಟೆ ಕಾಣಬಾರದು, ಕೈಗಿ ಸಿಕ್ಕಿದ್ದು ಹಿಡದು ಹೊಡದಂಗ ಕಾಣಬೇಕು. ಕರಾಟೆ ಕಲಸೋ ನಾನು ಮಾಸ್ತರ ಕಡಿ ಮಾತಾಡೀನಿ, ಹುಡುಗರು ನನ್ನ ಮ್ಯಾಲ ಮುನಸ್ಕೊಂಡಾರ. ಆ ಹೊಡತದ ಸೀನು ನಾವು ಹ್ಯಾಂಗ ಕಟ್ಲಿಕ್ಕತ್ತೀವಿ ಅಂತ ಮುಂದಿನ ಕಂತಿನ್ಯಾಗ ಕ್ಯಾಮೆರಾ ಇಟ್ಟೇ ತೋರಸ್ತೀನಿ. ಸಾಯೋ ತಮ್ಮನ ಪಾರ್ಟು ಯಾರದ್ದು ಅಂತ ನಿಮಗ ಗೊತ್ತೇ ಅದ. ಬರ್ತೀನ್ರಿ, ಶರಣು.