ಕಡಲತಳದ ಕಿರುಜೀವಿಗಳು ಮತ್ತು ಕೃತಕ ಬಂಡೆಸಾಲು
(ಮಹಾಕೂಟದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಮಹಾಕೂಟ, ಬಾದಾಮಿಗಳ ಸುತ್ತಲಿನ ಮರಳುಗಲ್ಲು ಒಂದಾನೊಂದು ಕಾಲದಲ್ಲಿ ನೀರಿನ ತಳದಲ್ಲಿ ಪದರಪದರವಾಗಿ ಶೇಖರಗೊಂಡ ಮರಳೇ ಆಗಿದೆ. ಕೆಲವು ಬಂಡೆಗಳ ಮೇಲೆ ಅಲೆ ಮೂಡಿಸಿದ ಗೆರೆಗಳು ಇಂದಿಗೂ ಕಾಣುತ್ತವೆ. ಆದುದರಿಂದ ಕಡಲತಳದ ಮರಳಿನ ವಿಚಾರವು ಈ ಗುಡ್ಡಸೀಮೆಗೆ ಹೊರಗಿನದಲ್ಲ.

ಆ ಮರಳು ನಿರ್ಜೀವವೂ ಅಲ್ಲ. ಒಂದು ಮಿಲಿಮೀಟರ್ ಕಂಡಿಯ ಜರಡಿಯಲ್ಲಿ ಇಳಿದುಹೋಗುವ, ಅದರ ಇಪ್ಪತ್ತನೆಯ ಒಂದು ಪಾಲಿನಷ್ಟು ಕಿರಿದಾದ ಕಂಡಿಯಲ್ಲಿ ಮಾತ್ರ ನಿಲ್ಲುವ ಪ್ರಾಣಿಗಳು ಕಣಗಳ ಸಂದಿನಲ್ಲಿ ವಾಸಿಸುತ್ತವೆ. ವಿಜ್ಞಾನಿಗಳು ಇವನ್ನು ‘ಮಿಯೋಫಾನಾ’ ಎನ್ನುತ್ತಾರೆ. ಒಂದು ಚದರ ಮೀಟರ್ ತಳದಲ್ಲಿ ಇಂಥವು ಹತ್ತು ಲಕ್ಷದಷ್ಟಿರಬಲ್ಲವು. ನೆಮಟೋಡ್ ಎಂಬ ದುಂಡುಹುಳುಗಳದೇ ಹೆಚ್ಚಿನ ಪಾಲು. ಸೀಗಡಿಯ ದೂರದ ಬಂಧುಗಳಾದ ಕೋಪೆಪಾಡ್‌ಗಳು ಅನಂತರ ಬರುತ್ತವೆ. ಕೊಳೆತುದನ್ನೂ ಬ್ಯಾಕ್ಟೀರಿಯಾವನ್ನೂ ತಿಂದು ಬದುಕುವ ಇವು ಮೀನುಮರಿಗಳಿಗೆ ಆಹಾರ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯು ಕರ್ನಾಟಕವೂ ಸೇರಿದಂತೆ ಕರಾವಳಿ ರಾಜ್ಯಗಳಲ್ಲಿ ಕೃತಕ ಬಂಡೆಸಾಲುಗಳಿಗೆ ನೆರವು ನೀಡಿದೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ತಾಂತ್ರಿಕ ಮಾರ್ಗದರ್ಶನ ಇದಕ್ಕಿದೆ. ಕಾಂಕ್ರೀಟಿನ ತ್ರಿಕೋನ, ಕೊಳವೆಗಳನ್ನು ಕಡಲಿಗಿಳಿಸಿದರೆ ಪಾಚಿ, ಚಿಪ್ಪುಜೀವಿಗಳು ಅಂಟಿಕೊಳ್ಳುತ್ತವೆ, ಮೀನು ಕೂಡುತ್ತದೆ, ನಾಡದೋಣಿಯವರಿಗೆ ಅನುಕೂಲವಾಗುತ್ತದೆ. ತಳವನ್ನು ಗೋರುವ ಟ್ರಾಲ್ ಬಲೆಗೆ ತಡೆಯೊಡ್ಡಿದಾಗ ಮರಳಿನ ಜೀವಿಗಳಿಗೂ ರಕ್ಷಣೆ ದೊರೆಯುತ್ತದೆ.

ಆದರೆ ಕಲ್ಲು ಬಿದ್ದಲ್ಲಿ ನೀರಿನ ಓಟ ಬದಲಾಗುತ್ತದೆ. ಒಂದು ಮಗ್ಗುಲಲ್ಲಿ ನಯವಾದ ಮರಳು ಕೊಚ್ಚಿಹೋಗಿ ಒರಟು ಕಣ ಉಳಿಯುತ್ತದೆ. ಇನ್ನೊಂದರಲ್ಲಿ ಕೆಸರು ನಿಲ್ಲುತ್ತದೆ. ಮೇಲಿಂದ ಚಿಪ್ಪು, ಹಿಕ್ಕೆ, ಕೊಳೆ ಉದುರುತ್ತವೆ. ಕೊಳೆ ಮಿತಿಯಲ್ಲಿದ್ದರೆ ಆಹಾರ. ಮೀರಿದರೆ ಕಣಗಳ ನಡುವಿನ ಆಮ್ಲಜನಕ ಕುಂದುತ್ತದೆ. ಆಗ ಕೋಪೆಪಾಡ್‌ಗಳು ಮೊದಲು ಕಡಿಮೆಯಾಗುತ್ತವೆ. ಸಹಿಷ್ಣುವಾದ ಹಲವು ನೆಮಟೋಡ್‌ಗಳು ಉಳಿಯುತ್ತವೆ. ಕೂಡಿದ ಮೀನುಗಳೂ ಬುಡದ ಜೀವಿಗಳನ್ನು ಮೇಯುತ್ತವೆ. ಇದನ್ನರಿಯಲೆಂದೇ ಇಟಲಿಯ ಸಂಶೋಧಕರು ಆಡ್ರಿಯಾಟಿಕ್ ಕಡಲಿನಲ್ಲಿ ಬಂಡೆಸಾಲಿನ ಬುಡದಿಂದ ದೂರ ಸರಿಯುತ್ತ ಮರಳಿನ ಮಾದರಿಗಳನ್ನು ಪರೀಕ್ಷಿಸಿದರು.

ಕಲ್ಲು ಇಳಿಸುವುದೇ ತಪ್ಪೆಂದು ಇದರ ಅರ್ಥವಲ್ಲ. ಹಿಡಿದ ಮೀನಿನ ತೂಕವೊಂದೇ ಯಶಸ್ಸಿನ ಅಳತೆಯಾಗಬಾರದು. ಇಳಿಸುವ ಮೊದಲು ಹಾಗೂ ಅನಂತರ, ಮಳೆಗಾಲದ ಹಿಂದೆ ಮತ್ತು ಮುಂದೆ, ಬುಡದಲ್ಲೂ ದೂರದಲ್ಲೂ ಮರಳನ್ನು ಜರಡಿ ಹಿಡಿದು ಎಣಿಸಬೇಕು. ಆ ಲೆಕ್ಕವನ್ನು ಮೀನುಗಾರರ ಮುಂದೆ ಕನ್ನಡದಲ್ಲಿ ಇಡಬೇಕು.

ಗುಡ್ಡದಲ್ಲಿ ಗಿಡ ನೆಡುವವರು ಮಣ್ಣಿನ ಹುಳುವನ್ನು ಮರೆಯುವುದಿಲ್ಲ. ಕಡಲಿನಲ್ಲಿ ಕಲ್ಲು ನೆಡುವವರಿಗೂ ಅದೇ ವಿವೇಕ ಅಗತ್ಯ.