ಕೆಟ್ಟುಹೋದ ಹಾಡಿನ ಪೆಟ್ಟಿಗೆ ಮತ್ತು ಬಡಗಿಯ ಮಗ

ಶ್ರಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ – ಮೇ 1
ಶುಭಸಂದೇಶ: ಮತ್ತಾಯ 13:54-58



ಲೋಕವೆಲ್ಲ ಕಾರ್ಮಿಕರ ದಿನವೆಂದು ಆಚರಿಸುವ ಮೇ 1ನ್ನು ವಿಶ್ವಗುರು ಹನ್ನೆರಡನೆಯ ಪಿಯುಸ್ ಅವರು 1955ರಲ್ಲಿ ಶ್ರಮಿಕ ಸಂತ ಜೋಸೆಫರ ಹಬ್ಬವಾಗಿ ಧರ್ಮಸಭೆಗೆ ಕೊಟ್ಟರು. ಇಂದಿನ ಶುಭಸಂದೇಶದಲ್ಲಿ ನಜರೇತಿನ ಜನ ಯೇಸುಸ್ವಾಮಿಯ ಬೋಧನೆಯನ್ನು ಕೇಳಿ ಮೊದಲು ಬೆರಗಾಗುತ್ತಾರೆ. ಆಮೇಲೆ, ಈತ ನಮ್ಮೂರ ಬಡಗಿಯ ಮಗ ತಾನೇ ಎಂದು ಮೂಗು ಮುರಿಯುತ್ತಾರೆ. ಕೈಕೆಲಸದವರ ಮನೆಯಿಂದ ದೊಡ್ಡದೇನೂ ಬರಲಾರದೆಂಬುದು ಅವರ ಲೆಕ್ಕ. ಆ ಲೆಕ್ಕ ನಮ್ಮಲ್ಲಿಯೂ ಉಳಿದಿದೆಯೇ ಎಂದು ಪರೀಕ್ಷಿಸಿಕೊಳ್ಳಲು ಇಂದು ಒಂದು ಚಿಕ್ಕ ವಸ್ತುವನ್ನು ಮುಂದಿಟ್ಟುಕೊಳ್ಳೋಣ. ಅದು ಕೆಟ್ಟುಹೋದ ಹಾಡಿನ ಪೆಟ್ಟಿಗೆ.

ಮೆಮೊರಿ ಕಾರ್ಡು ತೂರಿಸಿದರೆ ಹಾಡುವ, ಅಂಗೈಯಗಲದ ಎಂಪಿತ್ರೀ ಪ್ಲೇಯರ್ ನಮಗೆಲ್ಲ ಗೊತ್ತು. ಅದರ ಮಾತು ದೇವಾಲಯದಲ್ಲೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಗ-ಸೊಸೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಮನೆಯಲ್ಲಿ ಇರುವವರು ಅಜ್ಜಿ ಮತ್ತು ಮೊಮ್ಮಗ. ಅಜ್ಜಿಗೆ ಓದಲು ಬಾರದು. ಮಗ ತಂದುಕೊಟ್ಟ ಪೆಟ್ಟಿಗೆಯಲ್ಲಿ ಭಕ್ತಿಗೀತೆ, ಜಪಮಾಲೆ, ಶುಭಸಂದೇಶದ ವಾಚನ ಎಲ್ಲವೂ ಇದೆ. ಒಂದು ಬೆಳಿಗ್ಗೆ ಅದು ಮೂಕವಾಗುತ್ತದೆ.

ಮಗ ಫೋನಿನಲ್ಲಿ, “ಯವ್ವಾ, ಅದನ್ನ ಒಗದಬಿಡು, ಬರೂಮುಂದ ಹೊಸಾದು ತರ್ತೀನಿ” ಎನ್ನುತ್ತಾನೆ. ಮೊಮ್ಮಗ, ಬಜಾರಿನಲ್ಲಿ ರಿಪೇರಿ ಮಾಡಿಸೋಣ ಎನ್ನುತ್ತಾನೆ. ಪಕ್ಕದ ಮನೆಯವರು, ಗುಜರಿಗೆ ಹಾಕಿದರೆ ನಾಲ್ಕು ಕಾಸಾದರೂ ಬಂದೀತು ಎನ್ನುತ್ತಾರೆ. ಮೂವರೂ ಕೆಟ್ಟವರಲ್ಲ. ಆದರೆ ಯಾರ ಮಾತು ಸರಿ? ಶುಭಸಂದೇಶ ನಮಗೆ ಮೂರು ಚಿತ್ರಗಳನ್ನು ಕೊಡುತ್ತದೆ.

ಮೊದಲನೆಯದು ಬಲೆ. ಯೇಸುಸ್ವಾಮಿ ಯಕೋಬ ಮತ್ತು ಯೊವಾನ್ನರನ್ನು ಕರೆದಾಗ ಅವರು ತಂದೆಯೊಡನೆ ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರು (ಮತ್ತಾಯ 4:21). ಬಲೆ ಹರಿಯುವುದು ಬೆಸ್ತರಿಗೆ ಹೊಸದಲ್ಲ. ಹರಿದದ್ದನ್ನು ಹೆಣೆಯುವುದೂ ಅವರ ಕಸುಬಿನ ಭಾಗವೇ. ನಮ್ಮ ಹಿರಿಯರೂ ಹಾಗೆಯೇ ಬಾಳಿದರು. ಹಳೆಯ ಸೀರೆಗಳು ಕೌದಿಯಾದವು. ಮಾಸಿದ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದರು. ಕ್ಯಾಸೆಟ್ಟಿನ ರೀಲು ಸಿಕ್ಕುಬಿದ್ದರೆ ಪೆನ್ಸಿಲ್ ತೂರಿಸಿ ಸುತ್ತಿದ ದಿನಗಳು ನಮ್ಮಲ್ಲಿ ಅನೇಕರಿಗೆ ನೆನಪಿವೆ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ನಿಜವಾಗಿ ಕೆಟ್ಟಿರುವುದು ಯಾವುದು? ಬೇರೆ ಚಾರ್ಜರ್ ವೈರು ಹಾಕಿ ನೋಡೋಣ. ನಮ್ಮ ಬೇಸಿಗೆಯ ಧೂಳು ಚಾರ್ಜಿಂಗ್ ತೂತಿನಲ್ಲಿ ಕುಳಿತಿರಬಹುದು. ಇಯರ್‌ಫೋನ್ ಚುಚ್ಚುವ ಕಡೆ ಬೆಸುಗೆ ಬಿಟ್ಟಿರಬಹುದು. ವರ್ಷಗಟ್ಟಲೆ ದುಡಿದ ಬ್ಯಾಟರಿ ದಣಿದಿರಬಹುದು. ಇವೆಲ್ಲ ಕಡಿಮೆ ಖರ್ಚಿನಲ್ಲಿ ಸರಿಯಾಗುವ ತೊಂದರೆಗಳು. ಎಲ್ಲಕ್ಕಿಂತ ಮೊದಲು ಕಾರ್ಡನ್ನು ಹೊರತೆಗೆದು ಒಂದು ಫೋನಿಗೆ ಹಾಕಿ ನೋಡೋಣ. ಪೆಟ್ಟಿಗೆ ಸತ್ತರೂ ಕಾರ್ಡು ಬದುಕಿರಬಹುದು. ಹಾಡುಗಳು ಇರುವುದು ಪೆಟ್ಟಿಗೆಯಲ್ಲಲ್ಲ, ಕಾರ್ಡಿನಲ್ಲಿ. ಆದರೆ ಕಾರ್ಡೂ ಒಂದು ದಿನ ಕೆಡುವಂಥದ್ದೇ. ಆದುದರಿಂದ ಬೇಕಾದದ್ದನ್ನು ಇನ್ನೊಂದು ಕಡೆ ನಕಲು ಮಾಡಿ ಇಟ್ಟುಕೊಳ್ಳುವುದು ಜಾಣತನ.

ರಿಪೇರಿ ಅಂಗಡಿಗೆ ಹೋದಾಗ ನಮ್ಮ ನಡತೆ ಹೇಗಿರುತ್ತದೆ? “ಎರಡು ನಿಮಿಷದ ಕೆಲಸಕ್ಕೆ ಇಷ್ಟು ದುಡ್ಡೇ?” ಎಂದು ಜಗಳವಾಡುತ್ತೇವೆ. ಆ ಎರಡು ನಿಮಿಷದ ಹಿಂದೆ ಆತನ ಎಷ್ಟೋ ವರ್ಷಗಳ ಕಲಿಕೆ ಇದೆ. ಸುಟ್ಟ ಬೆರಳುಗಳಿವೆ, ಬಲ್ಬಿನ ಕೆಳಗೆ ದಣಿದ ಕಣ್ಣುಗಳಿವೆ. ಮಾಲಿನ ಪೆಟ್ಟಿಗೆಗೆ ಕೇಳಿದಷ್ಟು ಕೊಡುವ ನಾವು ಕೈಕೆಲಸದವನ ಹತ್ತಿರ ಚೌಕಾಸಿ ಮಾಡುತ್ತೇವೆ. ಬಡಗಿಯ ಮಗ ಎಂದು ಮೂಗು ಮುರಿದ ನಜರೇತಿನವರಿಗೂ ನಮಗೂ ಆಗ ಏನು ವ್ಯತ್ಯಾಸ? ಕೆಲಸಕ್ಕೆ ಮೊದಲೇ ದರ ಕೇಳಿ, ಒಪ್ಪಿದ ಮೇಲೆ ಪೂರ್ತಿ ಕೊಡುವುದು ನ್ಯಾಯ.

ಎರಡನೆಯ ಚಿತ್ರ ತೇಪೆಯದು. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಹರಕು ಇನ್ನೂ ದೊಡ್ಡದಾಗುತ್ತದೆಂದು ಯೇಸುಸ್ವಾಮಿಯೇ ಎಚ್ಚರಿಸಿದ್ದಾರೆ (ಮತ್ತಾಯ 9:16). ಆ ಮಾತಿನ ಆಳವಾದ ಅರ್ಥ ದೇವರ ರಾಜ್ಯದ ಹೊಸತನಕ್ಕೆ ಸಂಬಂಧಿಸಿದ್ದು. ಆದರೂ ಅದರಲ್ಲಿ ಮನೆವಾರ್ತೆಯ ವಿವೇಕವೂ ಇದೆ: ಎಲ್ಲ ತೇಪೆಯೂ ಒಳ್ಳೆಯದಲ್ಲ. ನೀರು ಹೊಕ್ಕು ಒಳಗಿನ ಬೋರ್ಡೇ ಸುಟ್ಟಿದ್ದರೆ, ರಿಪೇರಿಯ ಖರ್ಚು ಹೊಸದರ ಬೆಲೆಗೆ ಸಮವಾದರೆ, ಮಾಡಿಸಿದ ತಿಂಗಳಲ್ಲೇ ಮತ್ತೆ ಮತ್ತೆ ಕೆಟ್ಟರೆ, ಅದನ್ನು ಬಿಟ್ಟುಕೊಡುವುದೇ ಸರಿ. ಬ್ಯಾಟರಿ ಉಬ್ಬಿದ್ದರಂತೂ ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು. ಅದು ಹೊತ್ತಿಕೊಳ್ಳುವ ಅಪಾಯವಿದೆ.

ಇಲ್ಲಿ ಎರಡನೆಯ ಪ್ರಶ್ನೆ: ಹೊಸದು ಬೇಕಾಗಿರುವುದು ಯಾರಿಗೆ? ಅಜ್ಜಿಗೆ ಬೇಕಾದದ್ದು ದೊಡ್ಡ ಗುಂಡಿ, ಜೋರಾದ ದನಿ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನೇ ಆ ಕೆಲಸಕ್ಕೆ ಸಾಕಾಗಬಹುದು. ಎದುರು ಮನೆಯವರು ಕೊಂಡರೆಂದು ನಾವೂ ಕೊಂಡರೆ ಅದು ಅಗತ್ಯವಲ್ಲ, ಕಣ್ಣಿನ ಹಸಿವು. ತಯಾರಕರ ಹೊಣೆಯೂ ಇಲ್ಲಿದೆ. ಲೋಕಪ್ರಸಿದ್ಧವಾದ ಐಪಾಡ್ 2001ರಲ್ಲಿ ಬಂದು 2022ರಲ್ಲಿ ನಿಂತುಹೋಯಿತು. ಅದರ ಬ್ಯಾಟರಿಯನ್ನು ಬಳಸುವವರು ತಾವೇ ಸುಲಭವಾಗಿ ಬದಲಿಸುವಂತಿರಲಿಲ್ಲ. ಬಿಚ್ಚಲಾಗದಂತೆ ಮುಚ್ಚಿದ ವಸ್ತು ಬಡವರ ಜೇಬಿಗೆ ಎರಡು ಸಲ ಕೈಹಾಕುತ್ತದೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಗ್ರಾಹಕರ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನು ಆರಂಭಿಸಿತು.

ಮೂರನೆಯ ಚಿತ್ರ ಹನ್ನೆರಡು ಬುಟ್ಟಿಗಳದು. ಐದು ರೊಟ್ಟಿಗಳಿಂದ ಐದು ಸಾವಿರ ಜನರನ್ನು ತಣಿಸಿದ ಪ್ರಭು, ಉಳಿದ ಚೂರುಗಳನ್ನು ಆರಿಸಿಡುವಂತೆ ಶಿಷ್ಯರಿಗೆ ಹೇಳಿದರು (ಯೊವಾನ್ನ 6:12-13). ರೊಟ್ಟಿಯನ್ನು ಬೇಕಾದಷ್ಟು ಹೆಚ್ಚಿಸಬಲ್ಲವರಿಗೆ ಚೂರುಗಳ ಚಿಂತೆ ಏಕೆ? ದೇವರ ಔದಾರ್ಯ ದುಂದುಗಾರಿಕೆಗೆ ಅಪ್ಪಣೆಯಲ್ಲ ಎಂದು ತೋರಿಸಲಿಕ್ಕೆ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಲೋಕದಲ್ಲಿ 6.2 ಕೋಟಿ ಟನ್ ಎಲೆಕ್ಟ್ರಾನಿಕ್ ಕಸ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದೆಂದು ದಾಖಲಾದದ್ದು ಶೇಕಡಾ 22.3 ಮಾತ್ರ. ಉಳಿದದ್ದರಲ್ಲಿ ಎಷ್ಟೋ ಭಾಗ ತಿಪ್ಪೆಗೆ, ಬೆಂಕಿಗೆ, ಬಡವರ ಕೈಗೆ ಸೇರುತ್ತದೆ. ತಾಮ್ರಕ್ಕಾಗಿ ವೈರು ಸುಡುವವರು ವಿಷದ ಹೊಗೆ ಕುಡಿಯುತ್ತಾರೆ. ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ. ಅದು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಆದುದರಿಂದ ಮೂರನೆಯ ಪ್ರಶ್ನೆ: ನಾನು ಬಿಟ್ಟ ಈ ವಸ್ತು ಮುಂದೆ ಯಾರ ಕೈ ಸೇರುತ್ತದೆ? ಹೊಸ್ತಿಲು ದಾಟಿದ ಕಸ ಮಾಯವಾಗುವುದಿಲ್ಲ. ಆ ತಿಪ್ಪೆಯಲ್ಲಿ ಆಯುವವರೂ ಶ್ರಮಿಕರೇ. ಸಂತ ಜೋಸೆಫರು ಅವರಿಗೂ ಪಾಲಕರು.

ಎಲೆಕ್ಟ್ರಾನಿಕ್ ಕಸದ ಕುರಿತು ನಮ್ಮ ದೇಶದ ಮೊದಲ ಪ್ರತ್ಯೇಕ ನಿಯಮಗಳು ಜಾರಿಗೆ ಬಂದದ್ದು 2012ರ ಮೇ 1ರಂದು, ಇದೇ ಹಬ್ಬದ ದಿನ. 2023ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ನಿಯಮಗಳ ಪ್ರಕಾರ, ತಯಾರಕರು ನೋಂದಾಯಿತ ಘಟಕಗಳ ಮೂಲಕ ಮರುಬಳಕೆಯ ಹೊಣೆ ಹೊರಬೇಕು. ಪೆಟ್ಟಿಗೆಯ ಹಿಂಬದಿಯಲ್ಲಿ ಅಡ್ಡಗೆರೆ ಎಳೆದ ಕಸದ ತೊಟ್ಟಿಯ ಗುರುತು ಕಂಡರೆ, ಇದನ್ನು ಮನೆಯ ಕಸದೊಡನೆ ಹಾಕಬೇಡಿ ಎಂದರ್ಥ. ನಾವು ಮಾಡಬಹುದಾದದ್ದು ಇಷ್ಟು: ಕಾರ್ಡು ತೆಗೆದುಕೊಳ್ಳುವುದು, ಬಿಡಿ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತುವುದು, ಸುಡದೆ ಒಡೆಯದೆ ಬೇರೆಯಾಗಿ ಇಡುವುದು. ಧರ್ಮಕೇಂದ್ರದ ಯುವಜನರು ಇಂಥವನ್ನು ಕೂಡಿಹಾಕಿ, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿದರೆ ಅದೊಂದು ಹಬ್ಬದ ಕಾಣಿಕೆಯಾದೀತು. ಉಬ್ಬಿದ ಬ್ಯಾಟರಿಯನ್ನು ಮಾತ್ರ ಮಕ್ಕಳ ಕೈಯಲ್ಲಿ ಕಳಿಸದೆ, ಬಲ್ಲವರನ್ನು ಕೇಳಿ ಮುಂದುವರಿಯೋಣ.

ವಿಶ್ವಗುರು ಫ್ರಾನ್ಸಿಸ್ ಅವರು 2015ರ ತಮ್ಮ ‘ಲಾವ್ದಾತೊ ಸಿ’ ವಿಶ್ವಪತ್ರದಲ್ಲಿ, ಸರಿಯಾದ ಉದ್ದೇಶದಿಂದ ವಸ್ತುವೊಂದನ್ನು ಎಸೆಯದೆ ಮತ್ತೆ ಬಳಸುವುದು ಪ್ರೀತಿಯ ಕಾರ್ಯವೂ ಆಗಬಲ್ಲದೆಂದು ಬೋಧಿಸಿದರು. ಎಸೆಯುವ ಚಾಳಿ ವಸ್ತುಗಳಿಂದ ಮನುಷ್ಯರಿಗೂ ಹರಡುತ್ತದೆಂದು ಅವರು ಮೇಲಿಂದ ಮೇಲೆ ಎಚ್ಚರಿಸಿದರು.

ಈಗ ಒಂದು ಮಾತನ್ನು ಗಮನಿಸೋಣ. ಮಗ ಹೇಳಿದ, ಮೊಮ್ಮಗ ಹೇಳಿದ, ಪಕ್ಕದವರು ಹೇಳಿದರು. ಅಜ್ಜಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಕೆ ಹೇಳುತ್ತಿದ್ದಳೇನೋ: “ಹೊಸಾದು ನಂಗ್ಯಾಕಪ್ಪ? ನಿಮ್ಮಪ್ಪನ ದನಿ ಇದರಾಗ ಅದ.” ತೀರಿಹೋದ ಅಜ್ಜ ಯಾವುದೋ ಕ್ರಿಸ್ಮಸ್ ರಾತ್ರಿ ಹಾಡಿದ್ದನ್ನು ಯಾರೋ ಆ ಕಾರ್ಡಿನಲ್ಲಿ ತುಂಬಿಕೊಟ್ಟಿದ್ದರು, ಮಗನಿಗೆ ಅದು ಗೊತ್ತೇ ಇರಲಿಲ್ಲ. ಒಗೆದುಬಿಟ್ಟಿದ್ದರೆ ಪೆಟ್ಟಿಗೆಯ ಜೊತೆ ಆ ದನಿಯೂ ತಿಪ್ಪೆ ಸೇರುತ್ತಿತ್ತು. ರಿಪೇರಿಯೋ ಹೊಸದೋ ಎಂದು ನಿರ್ಧರಿಸುವ ಮುನ್ನ, ಅದನ್ನು ಬಳಸುವವರ ಪಕ್ಕದಲ್ಲಿ ಐದು ನಿಮಿಷ ಕುಳಿತು ಕೇಳಬೇಕು. ಪೆಟ್ಟಿಗೆ ಸರಿಯಾಗಲಿ ಬಿಡಲಿ, ಹಾಗೆ ಕುಳಿತಾಗ ಸಂಬಂಧವೊಂದು ಸರಿಯಾಗುತ್ತದೆ. ಯಾವ ಪೆಟ್ಟಿಗೆಯೂ ಮಗನ ಫೋನಿನ ಬದಲಿಗೆ ಬರಲಾರದು.

ಮನೆಗೆ ಹೋದ ಮೇಲೆ ಕಪಾಟಿನ ಮೂಲೆಯಲ್ಲಿ ಮೂಕವಾಗಿ ಕುಳಿತಿರುವ ವಸ್ತುವನ್ನು ಕೈಗೆತ್ತಿಕೊಂಡು ಈ ಮೂರು ಪ್ರಶ್ನೆಗಳನ್ನು ಕೇಳೋಣ. ಹಾಗೆಯೇ ಮನೆಯ ಮೂಲೆಯಲ್ಲಿ ಮೌನವಾಗಿ ಕುಳಿತವರು ಯಾರಾದರೂ ಇದ್ದರೆ ಅವರನ್ನು ಮೊದಲು ಮಾತನಾಡಿಸೋಣ.

ಓ ಪ್ರಭುವೇ, ಸಂತ ಜೋಸೆಫರ ಕೈಹಿಡಿದು ಕೆಲಸ ಕಲಿತವರು ನೀವು. ದುಡಿಯುವ ಕೈಗಳನ್ನು ಗೌರವಿಸುವ ಮನಸ್ಸನ್ನು ನಮಗೆ ಕೊಡಿರಿ. ದೂರದೂರುಗಳಲ್ಲಿ ದುಡಿಯುತ್ತಿರುವ ನಮ್ಮ ಮಕ್ಕಳನ್ನು ಕಾಪಾಡಿರಿ. ಹರಿದದ್ದನ್ನು ಹೊಲಿಯುವ ತಾಳ್ಮೆ, ಬಿಡಬೇಕಾದದ್ದನ್ನು ಬಿಡುವ ವಿವೇಕ, ಬಿಟ್ಟದ್ದರಿಂದ ಇನ್ನೊಬ್ಬರಿಗೆ ನೋವಾಗದಂತೆ ನೋಡಿಕೊಳ್ಳುವ ಪ್ರೀತಿ ನಮ್ಮ ಕುಟುಂಬಗಳಲ್ಲಿ ನೆಲೆಸಲಿ. ಆಮೆನ್.